ಮೊದಲು ಬಂದವಳು

ಕೂಟಗಲ್,
14 ಜುಲೈ 2024

ಪ್ರೀತಿಯ ಸುಮನಾ ಮಿಸ್‌ಗೆ ನಿಮ್ಮ ಶ್ವೇತ ಮಾಡುವ ನಮಸ್ಕಾರ.

"ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ ಮುಗಿಸಬೇಡ, ಕಾಗದ ಬರಿ. ಬರೆಯುವಾಗ ಓಡಿದ್ದೆಲ್ಲ ಇನ್ನೊಂದು ಸಲ ಮನಸ್ಸಿಗೆ ಬರುತ್ತೆ" ಎಂದು ಹೇಳಿ ಹೋದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಹೇಗೂ ಮನೆಯಲ್ಲಿರುವ ಒಂದೇ ಒಂದು ಒಳ್ಳೆಯ ಫೋನು ಬಾಲರಾಜಣ್ಣನ ಜೊತೆ ಬೆಳಿಗ್ಗೆಯೇ ಹಾರೋಹಳ್ಳಿ ಫ್ಯಾಕ್ಟರಿಗೆ ಹೊರಟುಬಿಡುತ್ತದೆ.

ನೀವು ಸೋಲೂರಿನ ಸ್ಕೂಲಿಗೆ ವರ್ಗವಾದ ಮೇಲೆ ನಮಗೆ ಬೇರೆ ಪಿ.ಟಿ. ಟೀಚರ್ ಬಂದಿಲ್ಲ. ಗಣಿತದ ಚೆಲುವಯ್ಯ ಮೇಷ್ಟ್ರಿಗೇ ಆಟದ ಪೀರಿಯಡ್ಡನ್ನೂ ಕೊಟ್ಟಿದ್ದಾರೆ. ಅವರು ಹುಣಸೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, "ಓಡ್ಕಳವ್ವ ಶ್ವೇತ, ನಾನೇನು ಬ್ಯಾಡ ಅಂದ್ನಾ" ಎನ್ನುತ್ತಾ ಟೆಸ್ಟ್ ಪೇಪರ್ ತಿದ್ದುತ್ತಾರೆ. ಸೀಟಿ ಊದುವವರಿಲ್ಲದೆ ಓಡುವುದು ಒಂಥರಾ ಅನ್ನಿಸುತ್ತದೆ. ಮನಸ್ಸಿನಲ್ಲೇ ನಿಮ್ಮ ಸೀಟಿ ಊದಿಕೊಂಡು ಹೊರಡುತ್ತೇನೆ.

ಬೆಳಿಗ್ಗೆ ಕೆರೆ ಏರಿ ಮೇಲೆ ಓಡುತ್ತೇನೆ. ನೀವು ಹೇಳಿದ ಹಾಗೆ ಒಂದು ದಿನವೂ ಬಿಟ್ಟಿಲ್ಲ. ಎಂಟನೇ ಕ್ಲಾಸಿನಲ್ಲಿ ಬಲಗಾಲಿನ ಮುಂಭಾಗದ ಮೂಳೆ ನೋಯುತ್ತಿತ್ತಲ್ಲ, ಅದು ಒಮ್ಮೊಮ್ಮೆ ಮತ್ತೆ ಶುರುವಾಗುತ್ತದೆ. ನೀವು ಕಟ್ಟಿಕೊಡುತ್ತಿದ್ದ ಹಾಗೇ ಬ್ಯಾಂಡೇಜ್ ಸುತ್ತಿಕೊಂಡು ಓಡುತ್ತೇನೆ. ಸ್ವಲ್ಪ ದೂರ ಹೋದ ಮೇಲೆ ಗೊತ್ತಾಗುವುದಿಲ್ಲ.

ಅವ್ವನದು ಅದೇ ರಾಗ. ಡೇರಿಗೆ ಹಾಲು ಹಾಕಿ ಬರುವಾಗ ಏರಿ ಮೇಲೆ ನನ್ನನ್ನು ಕಂಡರೆ, "ಹಸ ಅಟ್ಟಿಸ್ಕಂಡ್ ಬಂದಂಗೆ ಓಡ್ತೀಯಲ್ಲಮ್ಮಿ, ಒಸಿ ನಿಂತ್ಕೊ" ಅನ್ನುತ್ತಾಳೆ. ಆದರೆ ಊಟದಲ್ಲಿ ಮೊಟ್ಟೆ ಬೀಳುವುದು ನನ್ನ ತಟ್ಟೆಗೆ ಮಾತ್ರ. ಅಪ್ಪ ಯಾರು ಏನು ಕೇಳಿದರೂ, "ಮಿಸ್ಸು ಹೇಳವ್ರೆ, ಹೋಗ್ಲಿ ಬುಡು" ಎಂದುಬಿಡುತ್ತಾರೆ.

ನೀವು ಹೊರಡುವ ದಿನ ಸ್ಟಾಫ್ ರೂಮಿನ ಮುಂದೆ ಎಲ್ಲರೆದುರು, "ಈ ಹುಡುಗಿ ಎಲ್ಲಿವರೆಗೆ ಹೋಗ್ತಾಳೆ ನೋಡ್ತಾ ಇರಿ" ಎಂದಿರಲ್ಲ, ಅದನ್ನು ಅಪ್ಪ ಈಗ ಊರಿಗೆಲ್ಲ ಹೇಳುತ್ತಿದ್ದಾರೆ. ಕ್ರೀಡಾ ಹಾಸ್ಟೆಲಿನ ಆಯ್ಕೆ ಜನವರಿಯಲ್ಲಿ ಎಂದು ಅಣ್ಣ ವಿಚಾರಿಸಿಕೊಂಡು ಬಂದಿದ್ದಾನೆ. ಸಿಂಥೆಟಿಕ್ ಟ್ರ್ಯಾಕು, ಕೋಚು, ಊಟ, ಓದು ಎಲ್ಲ ಅಲ್ಲೇ ಅಂತೆ. ನಾನು ಹೋಗುತ್ತೇನೆ ಅಲ್ಲವಾ ಮಿಸ್?

ನಿಮ್ಮ ಪ್ರೀತಿಯ
ಶ್ವೇತ, ಒಂಬತ್ತನೇ ತರಗತಿ


ಸೋಲೂರು,
4 ಆಗಸ್ಟ್ 2024

ಮುದ್ದು ಶ್ವೇತ,

ನಿನ್ನ ಪತ್ರ ಸ್ಕೂಲಿಗೆ ಬಂತು. ಇಲ್ಲಿನ ಹೆಡ್‌ಮಾಸ್ಟರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈಗ್ಲೂ ಕಾಗ್ದ ಬರೆಯೋ ಮಕ್ಳು ಅವ್ರೆ ನೋಡಿ ಮೇಡಂ" ಎಂದು ಕೊಟ್ಟರು. ನನ್ನ ಹುಡುಗಿ ಎಂದು ಹೇಳಿಕೊಂಡೆ.

ಇಲ್ಲಿ ಮೈದಾನ ದೊಡ್ಡದಿದೆ. ಅರ್ಧದಲ್ಲಿ ಯಾರೋ ತೆಂಗಿನ ಗರಿ ಒಣಹಾಕಿರುತ್ತಾರೆ, ಇನ್ನರ್ಧದಲ್ಲಿ ಮಕ್ಕಳು ಖೋಖೋ ಆಡುತ್ತಾರೆ. ಓಡಿ ಎಂದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಿನ್ನಂಥವಳು ಒಬ್ಬಳೂ ಕಾಣಲಿಲ್ಲ. ನೀನು ಆರನೇ ಕ್ಲಾಸಿನಲ್ಲಿದ್ದಾಗ ಬರಿಗಾಲಲ್ಲಿ ದೊಡ್ಡ ಹುಡುಗರನ್ನೆಲ್ಲ ಹಿಂದೆ ಹಾಕಿ ಬಂದು ನಿಂತಿದ್ದೆ. ಉಸಿರು ಕೂಡ ಏರಿರಲಿಲ್ಲ. "ಇನ್ನೊಂದ್ಸಲ ಓಡ್ಲಾ ಮಿಸ್?" ಎಂದು ಕೇಳಿದೆ. ಅವತ್ತು ಹಿಡಿದ ನಿನ್ನ ಕೈಯನ್ನು ಆಮೇಲೆ ನಾನು ಬಿಡಲಿಲ್ಲ.

ಎಂಟುನೂರು ಮೀಟರ್ ಎಂದರೆ ಎರಡೇ ಸುತ್ತು. ಮೊದಲ ಸುತ್ತಿನಲ್ಲಿ ನೀನು ಎಲ್ಲವನ್ನೂ ಸುರಿದುಬಿಡುತ್ತೀಯ, ಎರಡನೆಯದರಲ್ಲಿ ಹಲ್ಲು ಕಚ್ಚಿಕೊಂಡು ಬರುತ್ತೀಯ. ಅದನ್ನು ತಿದ್ದಿಕೊ. ಯಾರಾದರೂ ಮುಂದೆ ಹೋದರೆ ಹೋಗಲಿ ಬಿಡು, ಬೆನ್ನ ಹಿಂದೆ ಅಂಟಿಕೊಂಡು ಓಡು. ಕಾಲು ನೋವಿಗೆ ಐಸ್ ಇಡು, ಡೇರಿಯಲ್ಲಿ ಸಿಗುತ್ತದೆ.

ಒಂದು ವಿಷಯ ತಿಳಿಸು. ನಿನ್ನ ಎತ್ತರ ಕಳೆದ ವರ್ಷಕ್ಕಿಂತ ಹೆಚ್ಚಾಗಿದೆಯಾ? ಬಾಗಿಲ ಪಕ್ಕ ಗೋಡೆಗೆ ನಿಂತು ಗೆರೆ ಹಾಕಿಸಿಕೊ. ಅವ್ವನನ್ನು ಕೇಳು, ನೀನು ದೊಡ್ಡವಳಾಗಿ ಎಷ್ಟು ಕಾಲವಾಯಿತು ಎಂದು. ನಾಚಿಕೊಳ್ಳಬೇಡ, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಚೆನ್ನಾಗಿ ತಿನ್ನು. ವಿಜ್ಞಾನದಲ್ಲಿ ಫೇಲಾದರೆ ಓಟ ಕಟ್.

ನಿನ್ನ
ಸುಮನಾ ಮಿಸ್


ಕೂಟಗಲ್,
20 ಅಕ್ಟೋಬರ್ 2024

ಪ್ರೀತಿಯ ಮಿಸ್‌ಗೆ,

ರಾಮನಗರದ ಸ್ಟೇಡಿಯಮ್ಮಿನಲ್ಲಿ ನಿಮ್ಮನ್ನು ನೋಡಿದೆ, ಮಾತಾಡಲು ಆಗಲಿಲ್ಲ. ನಿಮ್ಮ ಸುತ್ತ ಸೋಲೂರಿನ ಖೋಖೋ ಮಕ್ಕಳು ಇದ್ದರು. ಅವರು ನಿಮ್ಮ ಸೆರಗು ಹಿಡಿದು ನಿಂತಿದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

ನಾನು ಗೆದ್ದೆ! ಜಿಲ್ಲೆಗೆ ಮೊದಲನೆಯವಳು. ಆದರೆ ಟೈಮು ಕಳೆದ ವರ್ಷದ್ದೇ ಬಂತು, ಸ್ವಲ್ಪವೂ ಕಡಿಮೆಯಾಗಲಿಲ್ಲ. ನೆಲ ಹಸಿಯಾಗಿತ್ತು, ಅದಕ್ಕೇ ಇರಬೇಕು. ಮುಗಿಸಿದ ಮೇಲೆ ಬೇಲಿ ಪಕ್ಕ ಹೋಗಿ ವಾಂತಿ ಮಾಡಿದೆ. ಅಣ್ಣ ನೀರು ಹಿಡಿದುಕೊಂಡು ಓಡಿಬಂದ.

ಮೂರನೆಯವಳಾಗಿ ಬಂದ ಹುಡುಗಿಯನ್ನು ನೋಡಿದಿರಾ? ಸಫೂರಾ ಅಂತ ಹೆಸರು, ರಾಮನಗರದವಳೇ. ಅವಳ ಅಪ್ಪ ಮೆಹಬೂಬ್ ಸಾಬರು ರೇಷ್ಮೆ ನೂಲು ತೆಗೆಸುತ್ತಾರಂತೆ. ಕೊಕ್ಕರೆ ಥರ ಉದ್ದ ಕಾಲು. ಬಟ್ಟೆ ಹಿಂಡುವ ಹಾಗೆ ಕೈ ಬೀಸುತ್ತಾಳೆ! ಮೊದಲ ಸುತ್ತಿನಲ್ಲಿ ಯಾರ ಹಿಂದೆ ಓಡಬೇಕು ಎಂದೇ ಗೊತ್ತಾಗದೆ ಹೊರಗಿನ ಸಾಲಿನಲ್ಲಿ ಓಡಿದಳು. ಈ ವರ್ಷ ಜೂನಿನಿಂದಷ್ಟೇ ಓಡಲು ಶುರುಮಾಡಿದ್ದಂತೆ. ಮುಗಿಸಿದ ಮೇಲೆ ಏನೂ ಆಗದವಳ ಹಾಗೆ ಗೆಳತಿಯರ ಜೊತೆ ಕಿಸಿಕಿಸಿ ನಗುತ್ತಾ ಐಸ್‌ಕ್ಯಾಂಡಿ ಚೀಪುತ್ತಿದ್ದಳು. ನೀವೂ ಅವಳನ್ನೇ ನೋಡುತ್ತಿದ್ದಿರಿ. ನಿಮಗೂ ನಗು ಬಂದಿರಬೇಕು.

ಗೋಡೆಗೆ ಗೆರೆ ಹಾಕಿಸಿಕೊಂಡೆ. ಕಳೆದ ವರ್ಷ ಯುಗಾದಿಯಲ್ಲಿ ಅಣ್ಣ ಹಾಕಿದ್ದ ಗೆರೆಯ ಮೇಲೇ ಬಂತು. ಅವ್ವನನ್ನು ಕೇಳಿದ್ದಕ್ಕೆ, "ಆರ್ನೇ ಕ್ಲಾಸ್ನಾಗೇ ಆಯ್ತಲ್ಲಮ್ಮಿ, ನಿಮ್ಮಿಸ್ಸಿಗ್ಯಾಕ್ ಬೇಕು ಅದೆಲ್ಲ" ಅಂದಳು.

ಬಾಲರಾಜಣ್ಣ ಹೊಸ ಶೂ ತಂದುಕೊಟ್ಟಿದ್ದಾನೆ. ಹಾಸ್ಟೆಲಿಗೆ ಹಾಕಿಕೊಂಡು ಹೋಗು ಎಂದು ಈಗ ಮುಟ್ಟಲೂ ಬಿಡುತ್ತಿಲ್ಲ.

ನಿಮ್ಮ ಪ್ರೀತಿಯ
ಶ್ವೇತ


ಸೋಲೂರು,
22 ಡಿಸೆಂಬರ್ 2024

ಶ್ವೇತ,

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಶಾಲಾ ವಾರ್ಷಿಕೋತ್ಸವದ ಗಲಾಟೆ.

ಆಯ್ಕೆ ಜನವರಿ ಹತ್ತೊಂಬತ್ತಕ್ಕೆ, ಕನಕಪುರದಲ್ಲಿ. ಓಡುವ ಹುಡುಗಿಯರಿಗೆ ನಮ್ಮ ಜಿಲ್ಲೆಗೆ ಒಂದೇ ಸೀಟು. ಆಯ್ಕೆ ಮಾಡುವವರು ಹಾಸ್ಟೆಲಿನ ಹಿರಿಯ ಕೋಚ್ ಬೋರಲಿಂಗಯ್ಯನವರು. ಅವರ ಜೊತೆ ಕೂರಲು ಈ ಸಲ ಇಬ್ಬರು ದೈಹಿಕ ಶಿಕ್ಷಕರನ್ನು ಕರೆದಿದ್ದಾರೆ. ಅದರಲ್ಲಿ ನಾನೂ ಒಬ್ಬಳು.

ಅದಕ್ಕೇ ಒಂದು ಮಾತು. ಅಲ್ಲಿ ನನ್ನನ್ನು ಕಂಡರೂ ಮಾತಾಡಿಸಬೇಡ. ನಾನು ನಿನ್ನ ಟೀಚರ್ ಆಗಿದ್ದೆ ಎಂದು ನೀನಾಗಿ ಹೇಳಬೇಡ. ತಮ್ಮ ಹುಡುಗಿಗೇ ಕೊಡಿಸಿಕೊಂಡರು ಎನ್ನುವ ಮಾತು ಬಂದರೆ ನಿನಗೇ ಒಳ್ಳೆಯದಲ್ಲ.

ಹಿಂದಿನ ದಿನ ಓಡಬೇಡ. ನಿದ್ದೆ ಮಾಡು.

ಸುಮನಾ ಮಿಸ್


ಕೂಟಗಲ್,
26 ಜನವರಿ 2025

ಮಿಸ್,

ಸ್ಕೂಲಿನಲ್ಲಿ ಬಾವುಟ ಹಾರಿಸಿ ಲಾಡು ಕೊಟ್ಟರು. ಅದನ್ನು ತಂದು ತಮ್ಮನಂತಿರುವ ಪಕ್ಕದ ಮನೆ ಮಗುವಿಗೆ ಕೊಟ್ಟು ಬರೆಯಲು ಕುಳಿತಿದ್ದೇನೆ.

ನಾನು ಮೊದಲು ಬಂದೆ. ನೀವೇ ನೋಡಿದಿರಿ. ನೀವು ಹೇಳಿದ ಹಾಗೆ ಮೊದಲ ಸುತ್ತು ಹಿಡಿದುಕೊಂಡು ಓಡಿದೆ, ಎರಡನೇ ಸುತ್ತಿನಲ್ಲಿ ಎಲ್ಲರನ್ನೂ ಬಿಟ್ಟು ಬಂದೆ. ಸಫೂರಾ ನಾಲ್ಕನೆಯವಳು. ನಾಲ್ಕನೆಯವಳು, ಮಿಸ್.

ಆಮೇಲೆ ಎತ್ತರ ಅಳೆದರು, ಕಾಲು ಅಳೆದರು, ನಿಂತಲ್ಲಿಂದ ನೆಗೆಸಿದರು. ಅಪ್ಪ ಅವ್ವ ಎಷ್ಟೆತ್ತರ ಇದ್ದಾರೆ ಎಂದು ಕೇಳಿದರು. ಬೋರಲಿಂಗಯ್ಯ ಸರ್, "ಎಷ್ಟು ವರ್ಷದಿಂದ ಓಡ್ತಿದ್ದೀಯವ್ವ?" ಅಂದರು. "ಆರನೇ ಕ್ಲಾಸಿಂದ ಸರ್, ದಿನಾ ಎರಡೂ ಹೊತ್ತು" ಎಂದು ಎದೆಯುಬ್ಬಿಸಿ ಹೇಳಿದೆ. ಅವರ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವರು ಪಕ್ಕಕ್ಕೆ ತಿರುಗಿ ನಿಮ್ಮನ್ನು ನೋಡಿದರು. ಯಾರು ಹೇಳಿಕೊಡುತ್ತಾರೆ ಎಂದೂ ಕೇಳಿದರು. ನೀವು ಬರೆದಿದ್ದು ನೆನಪಾಗಿ, "ನಮ್ಮ ಸ್ಕೂಲಲ್ಲಿ ಸರ್" ಎಂದಷ್ಟೇ ಅಂದೆ. ನೀವು ತಲೆ ಬಗ್ಗಿಸಿಕೊಂಡು ಕೂತಿದ್ದಿರಿ.

ಸಂಜೆ ಹೆಸರು ಓದಿದರು. ಸಫೂರಾ ಎಂದಾಗ ಅಣ್ಣ, "ಅದ್ ಯಾವ್ದೋ ಬೇರೆ ಲಿಸ್ಟ್ ಇರ್ಬೇಕು ಕಣಮ್ಮಿ, ಇರು" ಅಂದ. ಎಲ್ಲರೂ ಹೋಗುವವರೆಗೆ ಇದ್ದೆವು. ನೀವು ನಮ್ಮ ಪಕ್ಕದಲ್ಲೇ ಹಾದು ಗೇಟಿನ ಕಡೆ ಹೋದಿರಿ. ಆಗ ಆಯ್ಕೆ ಮುಗಿದಿತ್ತಲ್ಲ ಮಿಸ್, ಆಗಲಾದರೂ ಮಾತಾಡಿಸಬಹುದಿತ್ತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ಒಳಗೆ ಹೋಗಿ ನೀರು ಕಾಯಿಸಿದಳು. ಅಪ್ಪ ಮಾತ್ರ, "ಮಿಸ್ಸು ಅಲ್ಲೇ ಇದ್ರಂತಲ್ಲ, ಅವ್ರೇನಂದ್ರು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಾರೆ.

ನಾನು ಎಲ್ಲಿ ತಪ್ಪಿದೆ ಎಂದು ಹೇಳಿ. ತಿದ್ದಿಕೊಳ್ಳುತ್ತೇನೆ.

ನಿಮ್ಮ
ಶ್ವೇತ


ಸೋಲೂರು,
16 ಫೆಬ್ರುವರಿ 2025

ಶ್ವೇತ,

ನೀನು ಎಲ್ಲೂ ತಪ್ಪಲಿಲ್ಲ. ಅವತ್ತು ನೀನು ಓಡಿದ್ದು ನಾನು ನೋಡಿರುವ ನಿನ್ನ ಓಟಗಳಲ್ಲೇ ಅಚ್ಚುಕಟ್ಟಾದದ್ದು.

ಆಯ್ಕೆ ಸಮಿತಿಯಲ್ಲಿ ಅವರದೇ ಲೆಕ್ಕಾಚಾರಗಳಿರುತ್ತವೆ. ಹಿರಿಯರು ತೀರ್ಮಾನಿಸಿದ ಮೇಲೆ ನಮ್ಮಂಥವರ ಮಾತು ನಡೆಯುವುದಿಲ್ಲ. ಇದನ್ನೇ ತಲೆಯಲ್ಲಿಟ್ಟುಕೊಂಡು ಕೊರಗಬೇಡ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಓದಿನ ಕಡೆ ಗಮನ ಕೊಡು. ಓಟ ಎಲ್ಲಿಗೂ ಹೋಗುವುದಿಲ್ಲ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಸುಮನಾ ಮಿಸ್


ಕೂಟಗಲ್,
18 ಮೇ 2025

ಸುಮನಾ ಮಿಸ್ ಅವರಿಗೆ,

ಮೂರು ತಿಂಗಳು ಬರೆಯಲಿಲ್ಲ. ನೀವೂ ಬರೆಯಲಿಲ್ಲ. ಪರೀಕ್ಷೆ ಇದೆ ಎಂದು ಬಿಟ್ಟಿದ್ದೀರಿ ಅಂದುಕೊಂಡಿದ್ದೆ.

ಕಳೆದ ಭಾನುವಾರ ರಾಮನಗರದ ಸ್ಟೇಡಿಯಮ್ಮಿಗೆ ಹೋಗಿದ್ದೆ. ಸಫೂರಾ ರಜೆಗೆ ಬಂದವಳು ಅಲ್ಲೇ ಓಡುತ್ತಿದ್ದಳು. ಕೈ ಬೀಸುವುದು ಸರಿಹೋಗಿದೆ. ನನ್ನನ್ನು ನೋಡಿ ಓಡಿಬಂದು ತಬ್ಬಿಕೊಂಡಳು. ಅವಳ ಅಮ್ಮ ಕೊಟ್ಟಿದ್ದ ಖರ್ಜೂರ ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದೆವು. ಒಳ್ಳೆಯ ಹುಡುಗಿ, ಮಿಸ್. ಅವಳ ಮೇಲೆ ನನಗೆ ಕೋಪ ಬರಲಿಲ್ಲ.

"ನಿಮ್ ಮೇಡಂಗೆ ನಾನು ಥ್ಯಾಂಕ್ಸ್ ಹೇಳ್ಬೇಕು, ಎಲ್ಲಿದಾರೆ ಅವ್ರು?" ಅಂದಳು.

"ಯಾವ್ ಮೇಡಂ?"

"ಸುಮನಾ ಮೇಡಂ. ಜಿಲ್ಲಾ ಮೀಟಲ್ಲಿ ನೀನೇ ತೋರ್ಸಿದ್ದಲ್ಲ, ನಮ್ ಮಿಸ್ ಅಂತ. ಬೋರಲಿಂಗಯ್ಯ ಸರ್ ನಿನ್ನೇ ತಗೊಳ್ಳೋಣ ಅಂತಿದ್ರಂತೆ. ಮೇಡಂ ಬಿಡ್ಲಿಲ್ವಂತೆ. ನಮ್ ಸರ್ ಯಾವಾಗ್ಲೂ ಹೇಳ್ತಾರೆ, 'ನಿನ್ನ ಓಟ ನೋಡಿ ತಂದಿಲ್ಲ ಸಫೂರಾ, ಒಬ್ರು ಮೇಡಂ ಹಟ ಹಿಡಿದು ಕೂತ್ರು, ಅದಕ್ಕೆ ತಂದಿದೀನಿ, ಅವ್ರ ಮಾತು ಉಳ್ಸು' ಅಂತ."

"ನನ್ ವಿಷ್ಯ ಏನಂದ್ರಂತೆ?" ಎಂದು ಕೇಳಿದೆ. ಅವಳಿಗೆ ಆಗ ಗೊತ್ತಾಯಿತು, ನನಗೆ ಏನೂ ತಿಳಿದಿಲ್ಲ ಎಂದು. ಹೇಳುವುದಿಲ್ಲ ಎಂದು ಎದ್ದುಬಿಟ್ಟಳು. ಕೈ ಹಿಡಿದು ಕೂರಿಸಿದೆ. ಕೊನೆಗೆ ನೆಲ ನೋಡಿಕೊಂಡು ಹೇಳಿದಳು: "ಆ ಹುಡುಗಿಯಿಂದ ಬರೋದೆಲ್ಲ ಬಂದಾಯ್ತು ಸರ್, ಇನ್ನು ಇಳಿಯೋದೇ, ಅಂದ್ರಂತೆ."

ಬರೋದೆಲ್ಲ ಬಂದಾಯ್ತು.

ಮಿಸ್, ಅದನ್ನು ಬರಿಸಿದವರು ಯಾರು? ಹನ್ನೊಂದು ವರ್ಷದವಳನ್ನು ಬೆಳಿಗ್ಗೆ ಸಂಜೆ ಓಡಿಸಿದವರು ಯಾರು? ಕಾಲಿನ ಮೂಳೆ ನೋಯುತ್ತದೆ ಎಂದು ಅತ್ತಾಗ, "ತಾಲ್ಲೂಕು ಮೀಟ್ ಮುಗೀಲಿ, ಆಮೇಲೆ ರೆಸ್ಟ್" ಎಂದು ಬ್ಯಾಂಡೇಜ್ ಕಟ್ಟಿ ಗೆರೆಯ ಹಿಂದೆ ನಿಲ್ಲಿಸಿದವರು ಯಾರು? ತಾಲ್ಲೂಕು ಮುಗಿದ ಮೇಲೆ ಜಿಲ್ಲೆ ಬಂತು. ಆ ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ ನಿಮಗೆ ಉತ್ತಮ ಶಿಕ್ಷಕಿ ಎಂದು ಶಾಲು ಹೊದಿಸಿದರು. ಪಕ್ಕದಲ್ಲಿ ಕಪ್ಪು ಹಿಡಿದುಕೊಂಡು ನಾನು ನಿಂತಿದ್ದೆ. ಕಾಲು ಊದಿತ್ತು, ಆದರೆ ಫೋಟೋದಲ್ಲಿ ನಗುತ್ತಿದ್ದೇನೆ.

ನನ್ನ ಎತ್ತರ ಕೇಳಿದಿರಿ. ದೊಡ್ಡವಳಾಗಿದ್ದು ಯಾವಾಗ ಎಂದು ಕೇಳಿದಿರಿ. ನನ್ನ ಮೇಲಿನ ಕಾಳಜಿ ಎಂದುಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತೆ. ನನ್ನನ್ನು ಬೇಡ ಎನ್ನಲು ಬೇಕಾದದ್ದನ್ನೆಲ್ಲ ನಾನೇ ಬರೆದು ಕಳಿಸಿದೆ.

ಬೇಡ ಅನ್ನಿಸಿದ್ದರೆ ನನಗೆ ಹೇಳಬಹುದಿತ್ತು. ಫೆಬ್ರುವರಿಯಲ್ಲಿ "ನಮ್ಮಂಥವರ ಮಾತು ನಡೆಯುವುದಿಲ್ಲ" ಎಂದು ಬರೆದಿರಲ್ಲ, ಅದನ್ನು ಬರೆಯುವಾಗ ನಿಮ್ಮ ಕೈ ನಿಲ್ಲಲಿಲ್ಲವಾ?

ಅಪ್ಪನಿಗೆ ಇನ್ನೂ ಹೇಳಿಲ್ಲ.

ಶ್ವೇತ


ಸೋಲೂರು,
15 ಜೂನ್ 2025

ಶ್ವೇತ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಸಫೂರಾ ಹೇಳಿದ್ದು ನಿಜ. ಆ ಮಾತು ನನ್ನದೇ. ಫೆಬ್ರುವರಿಯಲ್ಲಿ ನಿನಗೆ ಬರೆದದ್ದು ಸುಳ್ಳು.

ಆ ಕೋಣೆಯಲ್ಲಿ ಏನಾಯಿತು ಎಂದು ಹೇಳುತ್ತೇನೆ, ಆಮೇಲೆ ನೀನು ಏನು ಬೇಕಾದರೂ ಅಂದುಕೊ. ಬೋರಲಿಂಗಯ್ಯನವರ ಮುಂದೆ ನಿಮ್ಮಿಬ್ಬರ ವಿವರ ಇತ್ತು. ನಿನ್ನ ಓಟ ಚೆನ್ನ, ಅದರಲ್ಲಿ ಅನುಮಾನವಿಲ್ಲ. ಅವರು ಕೇಳಿದ್ದು ಬೇರೆ. "ಇವತ್ತು ಯಾರು ಗೆದ್ರು ಅಂತ ನನಗೆ ಕಾಣುತ್ತೆ ಮೇಡಂ. ಐದು ವರ್ಷ ಬಿಟ್ಟು ಯಾರಿರ್ತಾರೆ ಅದನ್ನ ಹೇಳಿ" ಅಂದರು.

ಹೆಣ್ಣುಮಕ್ಕಳಲ್ಲಿ ಬೇಗ ಬೆಳೆದವರು ಬೇಗ ಗೆಲ್ಲುತ್ತಾರೆ. ಜೊತೆಯವರು ಇನ್ನೂ ಎಳೆಯರಾಗಿರುವಾಗ ಇವರ ಕಾಲಿಗೆ ಬಲ ಬಂದಿರುತ್ತದೆ. ಆಮೇಲೆ ಆ ಎಳೆಯರು ಬೆಳೆಯುತ್ತಾರೆ. ನಿನ್ನ ಎತ್ತರ ನಿಂತಿದೆ, ಟೈಮ್ ನಿಂತಿದೆ. ಅದೂ ವರ್ಷಗಟ್ಟಲೆ ದಿನಕ್ಕೆರಡು ಹೊತ್ತು ಓಡಿದ ಮೇಲೆ. ಸಫೂರಾ ಆಗಷ್ಟೇ ಶುರುಮಾಡಿದವಳು. ಓಡುವುದು ಹೇಗೆಂದೇ ತಿಳಿಯದೆ ನಿನ್ನ ಹಿಂದೆ ಅಷ್ಟು ಹತ್ತಿರ ಬಂದಿದ್ದಳು. ಮುಗಿಸಿದ ಮೇಲೆ ಅವಳಲ್ಲಿ ಇನ್ನೂ ಓಟ ಉಳಿದಿತ್ತು. ಅದನ್ನು ಅಕ್ಟೋಬರಿನಲ್ಲೇ ಕಂಡೆ. ನೀನು ಬೇಲಿ ಪಕ್ಕ ಬಗ್ಗಿದ್ದನ್ನೂ ಕಂಡೆ.

ಒಂದೇ ಸೀಟು. ನಾನು ನಿನ್ನ ಹೆಸರು ಹೇಳಿದ್ದರೆ ನೀನು ಹೋಗುತ್ತಿದ್ದೆ. ಎರಡು ವರ್ಷ ಬಿಟ್ಟು ಸುಧಾರಣೆ ಇಲ್ಲ ಎಂದು ವಾಪಸ್ ಕಳಿಸುತ್ತಿದ್ದರು. ಸಫೂರಾ ಅಷ್ಟರಲ್ಲಿ ಓಟ ಬಿಟ್ಟು ಮನೆಯಲ್ಲಿರುತ್ತಿದ್ದಳು. ಹಾಗೆಂದು ತೋಚಿತು, ಹೇಳಿದೆ. ಇನ್ನೊಂದು ಸಲ ಕೇಳಿದರೂ ಅದನ್ನೇ ಹೇಳುತ್ತೇನೆ, ಶ್ವೇತ. ನಿನ್ನ ಮೇಲಿನ ಪ್ರೀತಿಗಾಗಿ ಬೇರೆ ಹೇಳಿದರೆ ಅಲ್ಲಿ ಕೂರುವ ಯೋಗ್ಯತೆ ನನಗಿರುವುದಿಲ್ಲ.

ನಿನಗೆ ಮೊದಲೇ ಹೇಳಬೇಕಿತ್ತು. ಹೇಳಿದರೆ ನೀನು ಓಡುವುದನ್ನೇ ಬಿಡುತ್ತೀಯ ಎಂದು ಹೆದರಿದೆ. ನಿನ್ನ ಮುಖ ನೋಡುವ ಧೈರ್ಯವೂ ಇರಲಿಲ್ಲ.

ಚಿಕ್ಕವಳಿದ್ದಾಗ ಅಷ್ಟು ಓಡಿಸಬಾರದಿತ್ತು ಎನ್ನುತ್ತೀಯ. ಆಗ ನನಗೆ ತಿಳಿದಿದ್ದು ಅಷ್ಟೇ. ಸ್ಕೂಲಿಗೂ ಕಪ್ಪು ಬೇಕಿತ್ತು.

ಇನ್ನು ನಿನ್ನಿಂದ ಮುಚ್ಚಿಟ್ಟದ್ದು ಏನೂ ಇಲ್ಲ.

ನಿನ್ನ
ಸುಮನಾ


ಕೂಟಗಲ್,
24 ಆಗಸ್ಟ್ 2025

ಸುಮನಾ ಮಿಸ್ ಅವರಿಗೆ,

ನಿಮ್ಮ ಪತ್ರವನ್ನು ಅಣ್ಣನಿಗೆ ತೋರಿಸಿದೆ. ಅವನು ಎರಡು ಸಲ ಓದಿ, "ಇವ್ರು ಹೇಳೋದ್ರಲ್ಲಿ ನ್ಯಾಯ ಐತೆ ಕಣಮ್ಮಿ" ಅಂದ. ನನಗೂ ಹಾಗೇ ಅನ್ನಿಸಿತ್ತು. ಕೋಪ ಇಳಿಯುತ್ತಾ ಬಂದಿತ್ತು. ನಿಮಗೆ ಒಂದು ಒಳ್ಳೆಯ ಪತ್ರ ಬರೆಯಬೇಕು ಎಂದುಕೊಂಡಿದ್ದೆ.

ಬರೆಯುವ ಮೊದಲು ಒಂದು ಸಲ ಬೋರಲಿಂಗಯ್ಯ ಸರ್‌ನ ಕಂಡು, ನಾನು ಇನ್ನು ಏನು ಮಾಡಬಹುದು ಎಂದು ಕೇಳೋಣ ಅನ್ನಿಸಿತು. ಅವರ ಸ್ವಂತ ಮನೆ ಕನಕಪುರದಲ್ಲೇ, ಹಾಸ್ಟೆಲಿನಿಂದ ರಜೆಗೆ ಬಂದಿದ್ದರು. ಅಣ್ಣ ರಜೆ ಹಾಕಿ ಬೈಕಿನಲ್ಲಿ ಕರೆದುಕೊಂಡು ಹೋದ. ಸರ್‌ಗೆ ನನ್ನ ನೆನಪಿತ್ತು. ಕಾಲನ್ನು ಸ್ಟೂಲಿನ ಮೇಲೆ ಇಡಿಸಿ ಮೂಳೆ ಒತ್ತಿ ನೋಡಿದರು. ನಾನು ಚೀರಿದೆ.

"ಇದು ಹಳೇ ಏಟು ಕಣವ್ವ. ನಾಲ್ಕು ತಿಂಗ್ಳು ಓಡ್ಬೇಡ ಅಂದ್ರೂ ನೀನು ಕೇಳಲ್ಲ. ಅವತ್ತು ನಿನ್ ವಿವರ ನೋಡ್ದಾಗ್ಲೇ ನಂಗೆ ಸಿಟ್ಟು ಬಂತು. ಇಷ್ಟು ಚಿಕ್ಕ ಮಗೂನ ಹಿಂಗೆ ದುಡಿಸಿರೋ ಪುಣ್ಯಾತ್ಮ ಯಾರು ಅಂತ ಆ ಮೇಡಮ್ಮನ್ನೇ ಕೇಳ್ದೆ. ನಿಮ್ಮ ಕಡೆ ಟೀಚರ್ ಯಾರೋ ಅಲ್ವಾ ಅಂತ."

"ಏನಂದ್ರು ಸರ್?" ಎಂದು ಅಣ್ಣ ಕೇಳಿದ.

"'ಯಾರೋ ಊರಿನೋರು ಇರ್ಬೇಕು ಸರ್, ನಂಗೆ ಗೊತ್ತಿಲ್ಲ' ಅಂದ್ರು."

ಅಣ್ಣ ನನ್ನ ಮುಖ ನೋಡಿದ. ನಾನು ಸರ್‌ಗೆ ನಿಮ್ಮ ಹೆಸರು ಹೇಳಲಿಲ್ಲ. ಕಾಲು ಕೆಳಗಿಳಿಸಿ ಶೂ ಹಾಕಿಕೊಂಡೆ.

ನಿಜವೇ ಮಿಸ್?

ಶ್ವೇತ


ಸೋಲೂರು,
9 ಸೆಪ್ಟೆಂಬರ್ 2025

ಶ್ವೇತ,

ನಿಜ.

ಅವರು ಅಷ್ಟು ಕೋಪದಲ್ಲಿ ಕೇಳಿದಾಗ ಆ ಮಾತು ಬಾಯಿಂದ ಬಂದುಬಿಟ್ಟಿತು. ಇದಕ್ಕೆ ನನ್ನ ಹತ್ತಿರ ಯಾವ ನ್ಯಾಯವೂ ಇಲ್ಲ. ಮನೆಗೆ ಬರಲೇ? ಅಪ್ಪ ಅವ್ವನ ಎದುರಿಗೇ ಕೂತು ಹೇಳುತ್ತೇನೆ.

ಸುಮನಾ


ಕೂಟಗಲ್,
23 ನವೆಂಬರ್ 2025

ಸುಮನಾ ಮಿಸ್ ಅವರಿಗೆ,

ಬರುವುದು ಬೇಡ ಎಂದು ತಿಳಿಸಲು ಇಷ್ಟು ದಿನ ತೆಗೆದುಕೊಂಡೆ. ಅಪ್ಪನಿಗೆ ನಾನೇ ಹೇಳಿದೆ. ಅವರು ಹೊಲಕ್ಕೆ ಹೊರಟಿದ್ದವರು ಜಗಲಿ ಮೇಲೆ ಕೂತುಬಿಟ್ಟರು. "ಗೊತ್ತಿಲ್ಲ ಅಂದ್ಬುಟ್ರಾ? ನಮ್ಮನೇಲಿ ಅನ್ನ ಉಂಡಿದ್ರಲ್ಲ" ಎಂದರು. ಅಷ್ಟೇ. ಊರಲ್ಲಿ ಈಗ ನಿಮ್ಮ ಮಾತು ಎತ್ತುವುದಿಲ್ಲ.

ಬೋರಲಿಂಗಯ್ಯ ಸರ್ ಮಾತು ಕೇಳಲಿಲ್ಲ, ಓಡಿದೆ. ತಾಲ್ಲೂಕು ಗೆದ್ದೆ, ಜಿಲ್ಲೆ ಗೆದ್ದೆ. ವಿಭಾಗ ಮಟ್ಟಕ್ಕೆ ತುಮಕೂರಿಗೆ ಹೋದೆ. ಅಲ್ಲಿ ಸಫೂರಾ ಇದ್ದಳು. ಹಾಸ್ಟೆಲು ಬೇರೆ ಜಿಲ್ಲೆಯಲ್ಲಿರುವುದರಿಂದ ಅವಳು ಆ ಜಿಲ್ಲೆಯ ಬನಿಯನ್ ಹಾಕಿದ್ದಳು. ಗೆರೆಯ ಹಿಂದೆ ನಿಂತಾಗ ನನ್ನ ಕೈ ಹಿಡಿದು ಒತ್ತಿದಳು.

ಅವಳನ್ನು ಸೋಲಿಸಬೇಕು ಎಂದೇನೂ ಇರಲಿಲ್ಲ. ನಿಮ್ಮ ಮಾತನ್ನು ಸೋಲಿಸಬೇಕಿತ್ತು. ಮೊದಲ ಸುತ್ತು ಮುಗಿದಾಗ ನಾನೇ ಮುಂದಿದ್ದೆ. ಎರಡನೇ ಸುತ್ತಿನಲ್ಲೂ ಮುಂದಿದ್ದೆ. ಕೊನೆಯ ತಿರುವಿನಲ್ಲಿ ಪಕ್ಕದಲ್ಲಿ ಅವಳ ಉಸಿರು ಕೇಳಿಸಿತು. ಮೆಲ್ಲಗೆ, ಸಮನಾಗಿ ಬರುತ್ತಿತ್ತು. ನನ್ನದು ಆಗಲೇ ಹರಿದುಹೋಗಿತ್ತು. ನನ್ನಲ್ಲಿ ಇದ್ದದ್ದನ್ನೆಲ್ಲ ಹಾಕಿದೆ ಮಿಸ್. ಕಾಲಿನ ನೋವು ಮರೆತೇಹೋಯಿತು. ಅವಳು ಕಷ್ಟವೇ ಪಡದೆ ನನ್ನನ್ನು ದಾಟಿ ಹೋದಳು. ಆಮೇಲೆ ಇನ್ನೊಬ್ಬಳು ದಾಟಿದಳು.

ನೀವು ಹೇಳಿದ್ದು ಸರಿಯಾಗಿತ್ತು. ಇದನ್ನು ನಿಮಗೆ ನಾನೇ ತಿಳಿಸಬೇಕು ಅನ್ನಿಸಿತು. ಸುಳ್ಳಾಗಿದ್ದಿದ್ದರೆ ಗೆದ್ದ ಸಂತೋಷದಲ್ಲಿ ಎಲ್ಲ ಮರೆತು ನಿಮ್ಮ ಮುಂದೆ ಬಂದು ಕಪ್ಪು ಹಿಡಿದು ನಿಲ್ಲುತ್ತಿದ್ದೆ. ಸರಿಯಾದದ್ದರಿಂದಲೇ ಕಷ್ಟವಾಗಿದೆ. ನನ್ನನ್ನು ಇಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿಲ್ಲ. ಅವರೇ ನನ್ನನ್ನು ಗೊತ್ತಿಲ್ಲ ಎಂದರು.

ಮೂರನೆಯ ಸ್ಥಾನಕ್ಕೆ ಸರ್ಟಿಫಿಕೇಟ್ ಕೊಡುವಾಗ ಮೇಜಿನ ಹತ್ತಿರ ಕೂತಿದ್ದವರು, "ನಿನ್ನ ಕೋಚ್ ಯಾರಮ್ಮ?" ಎಂದು ಕೇಳಿದರು. ಅಣ್ಣ ಹಿಂದಿನಿಂದ, "ಯಾರೂ ಇಲ್ಲ ಅಂತ ಬರ್ಕಳಿ ಸಾರ್" ಅಂದ. ನಾನು ನಿಮ್ಮ ಹೆಸರು ಹೇಳಿದೆ. ಸುಮನಾ ಮಿಸ್, ಕೂಟಗಲ್ ಶಾಲೆ, ಆರನೇ ಕ್ಲಾಸಿನಿಂದ. ಗೌರವಕ್ಕೆ ಹೇಳಿದ್ದಲ್ಲ. ನಿಜ ಅದೇ ಆಗಿತ್ತು.

ಈಗ ಓಡುತ್ತಿಲ್ಲ. ಬೋರಲಿಂಗಯ್ಯ ಸರ್ ಹೇಳಿದ ನಾಲ್ಕು ತಿಂಗಳನ್ನು ಇವತ್ತಿನಿಂದ ಕೊಡುತ್ತಿದ್ದೇನೆ. ಆಮೇಲೆ ಓಡುತ್ತೇನೋ ಇಲ್ಲವೋ ನನಗೂ ಗೊತ್ತಿಲ್ಲ. ಅದನ್ನು ಬೇರೆಯವರು ಹೇಳುವುದು ಬೇಡ.

ಬೆಳಿಗ್ಗೆ ಅಭ್ಯಾಸಬಲದಿಂದ ಎಚ್ಚರವಾಗಿಬಿಡುತ್ತದೆ. ಎದ್ದು ಅವ್ವನ ಜೊತೆ ಹಾಲು ತೆಗೆದುಕೊಂಡು ಡೇರಿಗೆ ನಡೆಯುತ್ತೇನೆ. ಅವಳು ನನ್ನ ಹೆಜ್ಜೆಗೆ ಸರಿಯಾಗಿ ಬರಲಾರದೆ, "ಒಸಿ ಮೆತ್ತಗೆ ನಡಿಯಮ್ಮಿ" ಅನ್ನುತ್ತಾಳೆ.

ಈ ಪತ್ರಕ್ಕೆ ಉತ್ತರ ಬರೆಯಬೇಡಿ. ನೀವು ಬರೆದರೆ ನಾನು ಓದುತ್ತೇನೆ. ಓದದೇ ಇರಲು ನನಗೆ ಇನ್ನೂ ಬರುವುದಿಲ್ಲ.

ಶ್ವೇತ